ನಲವತ್ಮೂರು ಇಂಚು

ಭಿಶಿ ಈ ಸಲ ನನ್ನ ಹೆಸರಿಗೆ ಎದ್ದಿತ್ತು.
ಇಪ್ಪತ್ತಾರು ಸಾವಿರ, ರಬ್ಬರ್ ಹಾಕಿ ಕುಪ್ಪಸದೊಳಗ.
ಕನ್ಸೋಲು ಮಾತ್ರ ಚೀಲದಾಗ, ಹಳೆ ಸೀರಿ ತುಂಡಿನ್ಯಾಗ ಸುತ್ತಿ,
ಬನಹಟ್ಟಿಯಿಂದ ಜಮಖಂಡಿತನಕ
ತೊಡಿ ಮ್ಯಾಲೆ ಕೂಸಿನಂಗ.
ತಮ್ಮ ಸಿದ್ರಾಯ ಕಿಟಕಿ ಕಡೆ ಕುಂತು ಅಂದ:
"ಅಕ್ಕಾ, ಅಂಗಡ್ಯಾಗ ನೀ ಮಾತಾಡಬ್ಯಾಡ."

ಅಂಗಡ್ಯಾಗ ಮೂವತ್ತು ಟೀವಿ. ಮೂವತ್ತರಾಗೂ ಅದ ನವಿಲು.
ಒಂದರಾಗ ಹಸರು, ಒಂದರಾಗ ನೀಲಿ,
ಒಂದರಾಗ ಕಾಮನಬಿಲ್ಲಿಗೆ ಅಜೀರ್ಣ ಆದಂಗ.
ನೂಲಿನ ಮನಿಯವರು ನಾವು;
ಹಸಿ ಬಣ್ಣದಿಂದ ಒಣಗಿದ ಬಣ್ಣಕ್ಕ
ಎಷ್ಟು ದೂರ ಅಂತ ಗೊತ್ತೈತಿ.

ಸೇಲ್ಸಿನ ಹುಡುಗ ತಮ್ಮನ ಮಾರಿ ನೋಡಿ ಹೇಳಾಕ ಹತ್ತಿದ:
"ಫೋರ್‌ಕೆ ಸರ್. ಅಡ್ಡ ಮೂರು ಸಾವಿರದ ಎಂಟನೂರಾ ನಲವತ್ತು ಚುಕ್ಕಿ,
ಉದ್ದ ಎರಡು ಸಾವಿರದ ನೂರಾ ಅರವತ್ತು."
ಅಷ್ಟ ಏನು, ಅಂದೆ ನಾ.
ನಮ್ಮ ಮಗ್ಗದಾಗ ಹಾಸು ನಾಕು ಸಾವಿರ ಎಳಿ.
ಆಗ ಅಂವ ನನ್ನ ಕಡೆ ತಿರುಗಿದ.

ಐವತ್ತೈದು ಇಂಚಿಂದು ತೋರಿಸಿದ, ಕಂತು ಮಾಡಿ ಕೊಡತೇನಿ ಅಂದ.
ನಾ ಮೊಳ ಹಾಕೇ ಬಂದಿದ್ದೆ:
ಹೊರಸಿನ ತುದಿಯಿಂದ ಗ್ವಾಡಿಗೆ ಮೂರೂವರಿ ಮೊಳ.
ಅಷ್ಟು ಹತ್ತರ ಅಷ್ಟು ದೊಡ್ಡದಿಟ್ಟರ
ವೈರಿ ಎಲ್ಲಿ ಅಂತ ಕುತಗಿ ತಿರುವಿ ಹುಡುಕಬೇಕು.
ಡಬ್ಬಿ ಮ್ಯಾಲೆ ನೂರಾ ಇಪ್ಪತ್ತು ಅಂತ ದಪ್ಪ ಅಕ್ಷರ,
ತಿರುವಿದರ ಹಿಂದ ಇರಿವಿಯಂಥ ಅಕ್ಷರದಾಗ ಅರವತ್ತು ಹರ್ಟ್ಜ್.
ಅರವತ್ತು ಸಾಕು ನನಗ. ಸುಳ್ಳು ಬ್ಯಾಡ.

ಇದಕ್ಕ ನನ್ನ ಡಬ್ಬಿ ಹಚ್ಚು, ಅಂದೆ.
"ಹಂಗೆಲ್ಲಾ ಹಚ್ಚೂದಿಲ್ರಿ ಮೇಡಂ."
ಮಾಲಕ ಊಟಕ್ಕ ಹೋಗಿದ್ದ.
ಹಚ್ಚಿದ.

ಮೊದಲನೇದು: ಗುಂಡಿ ಒತ್ತಿದೆ, ಆಟದ ಹುಡುಗಿ ಹಾರಿದಳು,
ಖರೆ, ಆದರ ನಡಬರಕ ಒಂದು ಉಸಿರು.
ಹೊಡತ ಬಿದ್ದ ಮ್ಯಾಲೆ ಲಾಳಿ ತಡದು ಹೊಂಟರ
ಒಮ್ಮೆಲೆ ನೂರು ಎಳಿ ಕಡೀತಾವ, ಗೊತ್ತೇನಪಾ ನಿನಗ?
ಗೇಮ್ ಮೋಡ್ ಹಾಕು ಅಂದೆ. ಹಾಕಿದ.
ಕರಿ ಬಣ್ಣ ಹತ್ತು ಸಲ ಒಗದ ಕರಿ ಆತು,
ಕತ್ತಲದಾಗ ಅಡಗಿದವ ಬೂದಿ ಬಳಕೊಂಡು ನಿಂತಂಗ ಕಂಡ.
ಎರಡನೇದೂ ಬ್ಯಾಡ. ಮೂರನೇದು ತುಟ್ಟಿ.
ನಾಕನೇದು ಮೂಲ್ಯಾಗಿತ್ತು, ನಲವತ್ಮೂರು,
ದಿನಾ ನವಿಲು ಕುಣಿಸಿ ದಣದ ಶೋಪೀಸು.
ಒತ್ತಿದೆ.
ಹಾರಿದಳು, ನನ್ನ ಹೆಬ್ಬೆಟ್ಟಿನ್ಯಾಗಿಂದನ ಹಾರಿದಂಗ.

ಆದರೂ ಬಟ್ಟಿ ಬೆಳಕಿಗೆ ಹಿಡೀದ ತಗೋಳೂದ್ಹೆಂಗ?
ಆಟದಾಗ ಒಂದು ಹಿಮದ ಬಯಲೈತಿ.
ಅಕಿನ್ನ ಅಲ್ಲಿತನಕ ಓಡಿಸಿದೆ. ಹುಡುಗ ಗಡಿಯಾರ ನೋಡತಿದ್ದ.
ಹೊರಗ ಜಮಖಂಡಿ ಬಿಸಲು, ಒಳಗ ಪಡದಿ ತುಂಬ ಬಿಳಿ,
ಎಡಕ್ಕ, ಕೆಳಗ, ಒಂದು ಕರಿ ಚುಕ್ಕಿ.
"ನೊಣಾ ಇರಬೇಕ್ರಿ."
ಸೆರಗಿಲೆ ಒರಸಿದೆ. ನೊಣ ಅಲ್ಲ.

ಹೋದ ವರ್ಷ ಸೀರ್ಯಾಗ ಒಂದು ಎಳಿ ತಪ್ಪಿದ್ದಕ್ಕ
ಸಾವಕಾರ್ರು ನನ್ನ ಪಗಾರದಾಗ ಮುನ್ನೂರು ಹಿಡದಿದ್ರು.
ಸಿಟ್ಟಿಲ್ಲ ಸೆಡವಿಲ್ಲ, ಚಸ್ಮಾ ತಗದು
ಬಟ್ಟಿ ಮ್ಯಾಲೆ ಬೆರಳಿಟ್ಟು ಮೆಲ್ಲಕ ಹೇಳಿದ್ರು.
ನಾನೂ ಪಡದಿ ಮ್ಯಾಲೆ ಬೆರಳಿಟ್ಟೆ.
ಊಟಾ ಮಾಡಿ ಬಂದ ಮಾಲಕಗ ಮೆಲ್ಲಕ ಹೇಳಿದೆ:
"ಡ್ಯಾಮೇಜ್ ಐತ್ರಿ. ಎರಡು ಸಾವಿರ ಹಿಡೀತೇನಿ."

ಅಂವ ಚುಕ್ಕಿ ನೋಡಿದ, ನನ್ನ ನೋಡಿದ,
ಸಿದ್ರಾಯನ ನೋಡಿದ. ಸಿದ್ರಾಯ ಫ್ಯಾನ್ ನೋಡತಿದ್ದ.

ಈಗ ರಾತ್ರಿ ಹತ್ತಕ್ಕ ಓಣ್ಯಾಗಿನ ಮಗ್ಗ ಒಂದೊಂದ ನಿಂತ ಮ್ಯಾಲೆ
ನಾ ಹೊರಸಿನ ತುದಿಗೆ ಕೂಡತೇನಿ.
ಆ ಚುಕ್ಕಿ ತಮ್ಮಗ ಕಾಣೂದಿಲ್ಲ, ಅವ್ವಗ ಟೀವೀನ ಮಸಕು.
ನನಗ ಹಿಮ ಬಂದಾಗೊಮ್ಮೆ ಕಾಣತೈತಿ.
ಕಂಡ ಕೂಡಲೆ ಬೆರಳು ಗುಂಡಿ ಬಿಟ್ಟು
ಗಂಟು ಹಾಕಾಕ ಹೊಂಡತಾವ,
ಅಷ್ಟರಾಗ ಹುಡುಗಿ ಕಂದಕಕ್ಕ ಬಿದ್ದಿರತಾಳ.